ದೀಪ ಅನ್ನುವಾಗ ತಿರುಗುವ ಮುಖ

ಧಾರಾವಾಹಿಗಳ ಲೋಕದಲ್ಲಿ ಒಂದು ನಿಯಮವಿದೆ. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಮೇಕಪ್ ಹಚ್ಚುವವಳಿಂದ ಹಿಡಿದು ಕಾಫಿ ಹಂಚುವವನವರೆಗೆ ಎಲ್ಲರಿಗೂ ಗೊತ್ತು. ಕಥೆಯೊಳಗೆ ನಿಮ್ಮನ್ನು ಎಲ್ಲಿಗೆ ಬೇಕಾದರೂ ಅಟ್ಟಲಿ, ಜೈಲಿಗೆ ಹಾಕಲಿ, ಪ್ರಜ್ಞೆ ತಪ್ಪಿಸಿ ಆಸ್ಪತ್ರೆಯಲ್ಲಿ ಮಲಗಿಸಲಿ, ವಿಮಾನ ಹತ್ತಿಸಿ ಕಳಿಸಲಿ, ಶುರುವಿನ ಟೈಟಲ್ ಹಾಡಿನಲ್ಲಿ ನಿಮ್ಮ ಮುಖ ಇದೆಯೆಂದರೆ ನೀವು ಬದುಕಿದ್ದೀರಿ ಅಂತ ಅರ್ಥ. ಇವತ್ತಲ್ಲ ನಾಳೆ ಕರೆ ಬಂದೇ ಬರುತ್ತದೆ. ಟೈಟಲ್‌ನಿಂದ ಮುಖ ಹೋಯಿತೋ, ಕಥೆಯಲ್ಲಿ ಸಾಯದಿದ್ದರೂ ಸತ್ತ ಲೆಕ್ಕ.

ನಾನು ಬದುಕಿದ್ದೆ. ನನ್ನ ಪಾತ್ರ ನಾಯಕಿಯ ಅಜ್ಜಿಯದು. ಬೇಸಿಗೆಯ ಆರಂಭದಲ್ಲಿ ಕಿರಿ ಮಗಳ ಮನೆಗೆ ಅಂತ ನನ್ನನ್ನು ಬಸ್ಸು ಹತ್ತಿಸಿದ್ದರು. ‘ಸ್ವಲ್ಪ ದಿನ ಅಷ್ಟೇ ಅಮ್ಮ, ಈ ಪ್ರೇಮದ ಗಲಾಟೆ ಮುಗೀಲಿ, ಆಮೇಲೆ ಪೂರ್ತಿ ನಿಮ್ಮದೇ ಕಥೆ’ ಅಂದಿದ್ದ ಪ್ರೊಡಕ್ಷನ್ ಮ್ಯಾನೇಜರ್. ಮಳೆಗಾಲ ಮುಗಿಯುತ್ತ ಬಂದರೂ ಆ ಬಸ್ಸು ಎಲ್ಲೂ ನಿಂತಿರಲಿಲ್ಲ. ಕಿರಿ ಮಗಳ ಮನೆ ಭೂಮಿಯ ಆಚೆ ತುದಿಯಲ್ಲಿರಬೇಕು.

ಆದರೂ ನಾನು ನಿಶ್ಚಿಂತೆಯಾಗಿದ್ದೆ, ಏಕೆಂದರೆ ಪ್ರತಿ ಸಂಜೆ ನಮ್ಮ ಮನೆಯ ಟಿವಿಯಲ್ಲಿ ನನ್ನ ಮುಖ ಬರುತ್ತಿತ್ತು. ಮೊದಲು ಕೊಳಲು. ನಾಯಕಿ ಬಾಗಿಲು ತೆರೆಯುತ್ತಾಳೆ. ‘ಬಾಗಿಲು ತೆರೆದೇ ಇದೆ, ದೀಪ ಉರಿದೇ ಇದೆ’ ಅಂತ ಹಾಡು ಏಳುತ್ತದೆ. ‘ದೀಪ’ ಅನ್ನುವಾಗ ಅಂಗಳದ ತೂಗುಕುರ್ಚಿಯಲ್ಲಿ ಕೂತ ನಾನು ಹಿಂದಕ್ಕೆ ತಿರುಗಿ ನಗುತ್ತೇನೆ. ಅಷ್ಟೇ. ಯಾರಾದರೂ ಒಮ್ಮೆ ಸೀನುವುದರೊಳಗೆ ಮುಗಿಯುತ್ತದೆ. ಆದರೆ ಆ ನಗು ನನ್ನ ಜೀವಮಾನದ ಸಂಪಾದನೆ. ಅದಕ್ಕೆ ಮೊದಲು ನಾನು ಮಾಡಿದ್ದೆಲ್ಲ ಬಾಗಿಲು ತೆಗೆಯುವ ಹೆಂಗಸು, ಆಸ್ಪತ್ರೆಯ ಆಯಾ, ಗುಂಪಿನಲ್ಲಿ ಅಳುವ ಚಿಕ್ಕತ್ತೆ. ಬೀದಿಯ ಮಕ್ಕಳು ನನ್ನನ್ನು ಟೈಟಲ್ ಅಜ್ಜಿ ಅಂತ ಕರೆಯುತ್ತಿದ್ದವು. ನಾನು ಬೈದ ಹಾಗೆ ಮಾಡುತ್ತಿದ್ದೆ, ಮತ್ತೆ ಕರೆಯಲಿ ಅಂತ ನಿಧಾನಕ್ಕೆ ನಡೆಯುತ್ತಿದ್ದೆ.

ಆ ಟೈಟಲ್ ಕತ್ತರಿಸಿ ಜೋಡಿಸಿದವನು ನನ್ನ ಅಕ್ಕನ ಮಗ. ಅಕ್ಕ ಹೋದ ಮೇಲೆ ನಾನೇ ಸಾಕಿದೆ, ಈಗ ಅವನು, ಅವನ ಹೆಂಡತಿ, ಮಗಳು ನನ್ನನ್ನು ಸಾಕುತ್ತಿದ್ದಾರೆ. ಅವನು ನಮ್ಮ ಧಾರಾವಾಹಿಯ ಎಡಿಟರ್. ಸೆಟ್ಟಿನಲ್ಲಿ ಎಲ್ಲರೂ ಅವನನ್ನು ಕತ್ತರಿ ಅನ್ನುತ್ತಾರೆ, ಮನೆಯಲ್ಲಿ ನಾನೂ ಹಾಗೇ ಅನ್ನುತ್ತೇನೆ. ಚಿಕ್ಕವನಿದ್ದಾಗ ಅವನಿಗೆ ನಾನು ಕಲಿಸಿದ ಒಂದೇ ವಿದ್ಯೆ: ಯಾರಾದರೂ ತಿರುಗಿದರೆ ಮುಖ ಕಂಡಾಗ ತಾಳ ಹೊಡೆಯಬಾರದು, ಕಣ್ಣು ಕಂಡಾಗ ಹೊಡೆಯಬೇಕು. ನಾಟಕದ ಕಂಪನಿಯಲ್ಲಿ ನಾನು ಕಲಿತದ್ದು ಅದು. ಅವನು ಆ ಪಾಠ ಮರೆಯಲಿಲ್ಲ.

ಧಾರಾವಾಹಿ ಬರುವುದು ಸಂಜೆ ಏಳೂವರೆಗೆ. ನಾವು ಮಾತ್ರ ಆ ಹೊತ್ತಿಗೆ ನೋಡುತ್ತಿರಲಿಲ್ಲ. ಮಳೆ ಹಿಡಿದ ಹೊಸತರಲ್ಲಿ ಕತ್ತರಿ ಕೇಬಲ್ ತೆಗೆಸಿಬಿಟ್ಟಿದ್ದ. ‘ಜಾಹೀರಾತು ನೋಡೋದೇ ಆಗುತ್ತೆ ಚಿಕ್ಕಮ್ಮ. ನಾನೇ ಆಫೀಸಿಂದ ಪೆನ್‌ಡ್ರೈವಲ್ಲಿ ತರ್ತೀನಿ, ನಿರಾಳವಾಗಿ ನೋಡು’ ಅಂದ. ರಾಣಿಗೆ ತಟ್ಟೆಯಲ್ಲಿ ತಂದಿಟ್ಟ ಹಾಗಾಯಿತು ನನಗೆ. ಅವನು ಬಂದು, ಕೈಕಾಲು ತೊಳೆದು, ಟಿವಿಗೆ ಅದನ್ನು ಚುಚ್ಚುತ್ತಿದ್ದ. ಸೊಸೆ ಒಲೆ ಆರಿಸಿ ಬರುತ್ತಿದ್ದಳು. ನಾನು ತಿರುಗಿದ ಕೂಡಲೇ ಮಗು ಚಪ್ಪಾಳೆ ತಟ್ಟುತ್ತಿತ್ತು. ಒಮ್ಮೆ ಮಾತ್ರ ಅದು ಟೈಟಲ್ ನಡುವೆ, ‘ನಾಯಿಮರಿ ಯಾಕೆ ಬರ್ಲಿಲ್ಲ?’ ಅಂದಿತು. ಸೊಸೆ ಅದರ ಬಾಯಿಗೆ ಬಿಸ್ಕತ್ತು ತುರುಕಿದಳು. ಮಗು ಯಾವಾಗಲೂ ನಾಯಿಮರಿಯ ಧ್ಯಾನದಲ್ಲೇ ಇರುತ್ತದೆ ಅಂದುಕೊಂಡೆ.

ಏಳೂವರೆಗೆ ಅಕ್ಕಪಕ್ಕದ ಮನೆಗಳಿಂದ ಬೇರೊಂದು ಹಾಡು ಕೇಳಿಸುತ್ತಿತ್ತು. ಡ್ರಮ್ಮು, ಶಿಳ್ಳೆ, ‘ಹೇ ಹೇ’ ಅಂತ ಕೂಗುವ ಹುಡುಗರು. ಯಾವುದೋ ಹೊಸ ಧಾರಾವಾಹಿ, ನಮ್ಮದರ ಎದುರಿಗೆ ಬೇರೆ ಚಾನೆಲ್‌ನವರು ಬಿಟ್ಟಿರಬೇಕು ಅಂದುಕೊಂಡೆ. ‘ತಗಡು ಬಡಿದ ಹಾಗಿದೆಯಲ್ಲೇ. ಇದನ್ನ ಕೇಳ್ಕೊಂಡು ಜನ ಹೇಗೆ ಊಟ ಮಾಡ್ತಾರೆ?’ ಅಂದೆ ಸೊಸೆಗೆ. ಅವಳು ಕಿಟಕಿ ಮುಚ್ಚಿದಳು. ಮೂಲೆಯ ಟೈಲರ್ ಹೊಲಿಗೆ ಯಂತ್ರ ತುಳಿಯುತ್ತ ಅದೇ ಹಾಡು ಗುನುಗುತ್ತಿದ್ದಾಗ, ‘ನಮ್ಮ ಸೀರಿಯಲ್ ಬಿಟ್ಟು ಆ ತಗಡಿಗೆ ಹೋದ್ರಾ?’ ಅಂತ ಜಗಳ ತೆಗೆದೆ. ಅವನು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನನ್ನ ಮುಖ ನೋಡಿದ, ಏನೋ ಹೇಳಹೊರಟವನು ಮತ್ತೆ ಬಾಯಿಗಿಟ್ಟುಕೊಂಡ.

ಹಾಗಾದರೆ ಆ ಹಾಡು ಯಾವ ಧಾರಾವಾಹಿಯದು ಅಂತ ನೆರೆಹೊರೆಯವರು ಯಾರೂ ಹೇಳಲಿಲ್ಲವೇ ಅಂತ ನೀವು ಕೇಳಬಹುದು. ನಾನಾಗಿ ಯಾರ ಮನೆಗೂ ಹೋಗಿ ಟಿವಿ ಮುಂದೆ ಕೂರುತ್ತಿರಲಿಲ್ಲ. ನಟಿಯಾದವಳು ಪಕ್ಕದ ಮನೆಯ ಸೋಫಾದಲ್ಲಿ ಕೂತು ತನ್ನನ್ನೇ ಬಾಯಿಬಿಟ್ಟು ನೋಡಬಾರದು, ಅದು ನನ್ನ ಠೀವಿ. ಅವರಾಗಿ ಹೇಳದಿದ್ದದ್ದಕ್ಕೆ ಕಾರಣ ಆಮೇಲೆ ತಿಳಿಯಿತು, ಅದು ಇನ್ನೂ ಕಹಿ.

ಇಷ್ಟರಲ್ಲಿ ಮಫ್ಲರ್ ಫೋನ್ ಮಾಡಿದ. ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವ ನಿರ್ದೇಶಕ ಅವನು, ಹಳೆಯ ಪರಿಚಯ. ಹೊಸ ಧಾರಾವಾಹಿ ಶುರು ಮಾಡುತ್ತಿದ್ದೇನೆ, ಹುಡುಗಿಯರ ಹಾಸ್ಟೆಲಿನ ವಾರ್ಡನ್ ಪಾತ್ರವಿದೆ, ಬೈಯುವ ಪಾತ್ರ, ನಿಮಗೆ ಹೇಳಿ ಮಾಡಿಸಿದ ಹಾಗಿದೆ, ಬನ್ನಿ ಅಂದ. ನಾವು ರಾತ್ರಿಯ ಊಟಕ್ಕೆ ಕೂತಿದ್ದೆವು. ಕತ್ತರಿ ನನ್ನ ಎದುರಿಗೇ ಇದ್ದ.

‘ನೋಡಪ್ಪ’ ಅಂದೆ. ಆ ಸ್ವರ ನನಗೆ ಈಗಲೂ ಕೇಳಿಸುತ್ತದೆ, ಮೂಗಿನಿಂದ ಬಂದ ಸ್ವರ. ‘ಒಂದು ಟೈಟಲ್‌ನಲ್ಲಿರೋ ಮುಖ ನಂದು. ದಿನಾ ಸಂಜೆ ಅಲ್ಲಿ ನಗ್ತಾ ಇದ್ದು, ಅರ್ಧ ಗಂಟೆ ಬಿಟ್ಟು ಇನ್ನೊಂದು ಕಡೆ ಬೆತ್ತ ಹಿಡ್ಕೊಂಡು ಬಂದ್ರೆ ಜನ ಏನಂತಾರೆ? ಆ ಸೀರಿಯಲ್ಲಿನವರು ಯಾವಾಗ ಬೇಕಾದ್ರೂ ಕರೀಬಹುದು. ಕೆಲಸ ಇಲ್ದೆ ಕೂತಿರೋರು ಎಷ್ಟೋ ಜನ ಇದಾರೆ ಪಾಪ, ಅವರನ್ನ ಕೇಳು.’

‘ಸರಿ ಅಮ್ಮ. ಆದ್ರೂ ಯೋಚನೆ ಮಾಡಿ’ ಅಂದ ಮಫ್ಲರ್.

ಫೋನ್ ಇಟ್ಟು ನೋಡಿದರೆ ಕತ್ತರಿಯ ಕೈ ತಟ್ಟೆಯಲ್ಲೇ ನಿಂತಿತ್ತು.

‘ಒಪ್ಕೋಬಹುದಿತ್ತು ಚಿಕ್ಕಮ್ಮ’ ಅಂದ.

‘ಯಾಕೆ ಒಪ್ಕೋಬೇಕು? ನೀನೇ ದಿನಾ ತೋರಿಸ್ತೀಯಲ್ಲ ನನ್ನ ಮುಖಾನ.’

ಅವನು ಸೊಸೆಯ ಮುಖ ನೋಡಿದ, ಸೊಸೆ ನೀರಿನ ಜಗ್ ನೋಡಿದಳು. ‘ಇನ್ನು ಸ್ವಲ್ಪ ಬಡಿಸ್ಲಾ?’ ಅಂತ ಕೇಳಿದಳು, ತುಂಬಿದ ತಟ್ಟೆಗೆ.

ಆ ವಾರವೇ ನನ್ನ ಮುಂದಿನ ಹಲ್ಲು ಅಲ್ಲಾಡತೊಡಗಿತು. ತಿರುಗಿ ನಗಬೇಕಾದವಳಿಗೆ ಮುಂದಿನ ಹಲ್ಲಿಲ್ಲದಿದ್ದರೆ ಆದೀತೇ? ಕರೆ ಬರುವಷ್ಟರಲ್ಲಿ ಸರಿ ಮಾಡಿಸಿಕೊಳ್ಳೋಣವೆಂದು ದಂತವೈದ್ಯರ ಹತ್ತಿರ ಹೊರಟೆ. ಬೆಳಿಗ್ಗೆ ಅಂತ ಗೊತ್ತು ಮಾಡಿದ್ದರು, ಆಮೇಲೆ ಅವರ ಸಹಾಯಕಿ ಫೋನ್ ಮಾಡಿ, ಡಾಕ್ಟರು ಬರೋದು ತಡ, ಸಂಜೆ ಬನ್ನಿ ಅಂದಳು. ಹಾಗಾಗಿ ಏಳೂವರೆಗೆ ನಾನು ಕ್ಲಿನಿಕ್ಕಿನ ಬೆಂಚಿನ ಮೇಲಿದ್ದೆ, ಎದುರಿನ ಗೋಡೆಯಲ್ಲಿ ಟಿವಿ ಇತ್ತು.

ನನ್ನ ಪಕ್ಕದಲ್ಲಿ ದವಡೆಗೆ ಕರವಸ್ತ್ರ ಒತ್ತಿಕೊಂಡ ಒಬ್ಬ ಗಂಡಸು, ಆಚೆ ಮಗನ ಸ್ಕೂಲ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ಹೆಂಗಸು. ಸಹಾಯಕಿ ಹುಡುಗಿ ಮೇಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು.

‘ಅಮ್ಮ, ನೀವು ಸೀರಿಯಲ್‌ನಲ್ಲಿ ಮಾಡ್ತಿದ್ರಿ ಅಲ್ವಾ?’

‘ಮಾಡ್ತಿದ್ದೆ ಅಲ್ಲ, ಮಾಡ್ತಾ ಇದೀನಿ. ಟೈಟಲ್‌ನಲ್ಲಿ ಬರ್ತೀನಲ್ಲ, ದಿನಾ ನೋಡಲ್ವಾ?’

‘ಟೈಟಲ್ ಬರುವಾಗ ನಾನು ಮನೆಗೆ ಫೋನ್ ಮಾಡ್ತೀನಮ್ಮ, ಅದು ಮುಗಿದ ಮೇಲೆ ನೋಡೋದು’ ಅಂದಳು.

‘ಹೌದು’ ಅಂದಳು ಬ್ಯಾಗಿನ ಹೆಂಗಸು. ‘ನಮ್ಮನೇಲೂ ಅಷ್ಟೇ. ಹಾಡು ಕೇಳಿಸಿದ್ರೆ ಒಲೆ ಸಣ್ಣ ಮಾಡೋದು. ಹಾಡು ಮುಗಿಯೋ ಹೊತ್ತಿಗೆ ಬಂದು ಕೂತ್ಕೊಳೋದು.’

ಟೈಟಲ್ ಅನ್ನುವುದು ಇವರಿಗೆ ಊಟದ ಗಂಟೆ ಇದ್ದ ಹಾಗೆ. ನನಗೆ ರೇಗಿತು. ‘ಇವತ್ತೊಂದಿನ ನೋಡಿ. ಕೊಳಲು ಬರುತ್ತೆ, ಹಾಡು ಬರುತ್ತೆ, ದೀಪ ಅನ್ನುವಾಗ ತಿರುಗ್ತೀನಿ. ಅದು ನಾನು. ಸೌಂಡ್ ಜಾಸ್ತಿ ಮಾಡಮ್ಮ’ ಅಂದೆ. ಹುಡುಗಿ ರಿಮೋಟ್ ತಂದಳು. ದವಡೆಯವನೂ ಕತ್ತೆತ್ತಿದ. ಒಳಗಿಂದ ಯಾರೋ ರೋಗಿ ಬಾಯಿ ಮುಕ್ಕಳಿಸುತ್ತ ಬಂದವನು ಬಾಗಿಲಲ್ಲೇ ನಿಂತ. ಎಲ್ಲರನ್ನೂ ಕೂರಿಸಿ, ನಿಲ್ಲಿಸಿ, ತಯಾರು ಮಾಡಿದವಳು ನಾನೇ. ಜಂಬದ ಕೋಳಿ ಅನ್ನುತ್ತಾರಲ್ಲ, ಅದು.

ಬಂದದ್ದು ತಗಡು.

ಡ್ರಮ್ಮು, ಶಿಳ್ಳೆ, ಹೇ ಹೇ. ‘ಇದಲ್ಲಮ್ಮ, ಚಾನೆಲ್ ತಪ್ಪಿದೆ’ ಅಂದೆ. ‘ಇದೇ ಅಮ್ಮ’ ಅಂದಳು ಹುಡುಗಿ. ಅಷ್ಟರಲ್ಲಿ ನಮ್ಮ ನಾಯಕಿ ಕುಣಿಯುತ್ತ ಬಂದಳು. ನಾಯಕ ಬೈಕಿನಲ್ಲಿ ಬಂದ. ಅವಳ ಅತ್ತೆ ಬಳೆ ಆಡಿಸುತ್ತ ಕೆಂಗಣ್ಣು ಬಿಟ್ಟಳು. ಆಮೇಲೆ ಆ ಅಂಗಳ ಬಂತು, ನನ್ನ ಅಂಗಳ. ತೂಗುಕುರ್ಚಿ ಖಾಲಿ, ತಾನೇ ತಾನಾಗಿ ತೂಗುತ್ತಿತ್ತು. ಅದರ ಮುಂದೆ ಕೂತಿದ್ದ ಒಂದು ಬಿಳಿ ನಾಯಿಮರಿ ಹಿಂದಕ್ಕೆ ತಿರುಗಿ ನೋಡಿತು. ಅದರ ಕಣ್ಣು ಕಂಡ ಕ್ಷಣಕ್ಕೆ ಸರಿಯಾಗಿ ಡ್ರಮ್ಮಿನ ಪೆಟ್ಟು ಬಿತ್ತು, ಮುಖ ಕಂಡಾಗಲ್ಲ. ಅದನ್ನು ಕತ್ತರಿಸಿದ ಕೈ ಯಾರದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಧಾರಾವಾಹಿಯ ಹೆಸರು ಮೂಡಿ ಹಾಡು ಮುಗಿಯಿತು. ಭೂಮಿ ಬಾಯಿ ಬಿಡಬಾರದೇ ಅನ್ನುತ್ತಾರೆ. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ, ಭೂಮಿ ಒಂದನ್ನು ಬಿಟ್ಟು.

‘ಬಂದ್ರಿ, ಬಂದ್ರಿ, ನೋಡ್ದೆ’ ಅಂದಳು ಬ್ಯಾಗಿನ ಹೆಂಗಸು. ‘ಎಷ್ಟು ಚೆನ್ನಾಗಿ ಕಾಣ್ತೀರಿ.’

ದವಡೆಯವನು ಮಾತಾಡಲಾರದೆ ಹೆಬ್ಬೆರಳೆತ್ತಿ ತೋರಿಸಿದ. ಪಾಪದ ಜನ. ನೋಡದ ನನ್ನನ್ನು ನೋಡಿದೆವೆಂದು ಒಂದೇ ಬಾಯಲ್ಲಿ ಹೇಳಿದರು. ನಾನು ಅಲ್ಲಿಂದ ಎದ್ದು ಹೋಗಬಹುದಿತ್ತು, ಇಲ್ಲ ನಿಜ ಹೇಳಬಹುದಿತ್ತು. ನಾನು ಮಾಡಿದ್ದೇನು ಗೊತ್ತೇ? ನಕ್ಕೆ. ‘ಹೂಂ, ಒಂದೇ ಕ್ಷಣ. ಕಣ್ಣು ಮಿಟುಕಿಸಿದ್ರೆ ಹೋಯ್ತು’ ಅಂದೆ. ಸಹಾಯಕಿ ಹುಡುಗಿ ಮಾತ್ರ ಮೇಜಿನ ಮೇಲಿನ ಚೀಟಿಗಳನ್ನು ಜೋಡಿಸತೊಡಗಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಒಳಗೆ ಕುರ್ಚಿಯಲ್ಲಿ ಮಲಗಿಸಿ ಡಾಕ್ಟರು ಬಾಯಿ ತೆರೆಯಲು ಹೇಳಿದರು. ‘ಅಳ್ತಾ ಇದೀರಲ್ಲ ಅಮ್ಮ, ನಾನಿನ್ನೂ ಮುಟ್ಟೇ ಇಲ್ಲ’ ಅಂದರು. ಲೈಟು ಕಣ್ಣಿಗೆ ಬೀಳ್ತಿದೆ ಅಂದೆ. ಅವರು ಲೈಟನ್ನು ಪಕ್ಕಕ್ಕೆ ಸರಿಸಿದರು. ಹೊಸ ಹಲ್ಲಿಗೆ ಅಚ್ಚು ತೆಗೆದುಕೊಂಡು, ಬರುವ ವಾರ ಬನ್ನಿ ಅಂದರು.

ಮನೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಒಂದೊಂದೇ ನೆನಪಾಗಿ ಚುಚ್ಚತೊಡಗಿತು. ಮಗುವಿನ ಬಾಯಿಗೆ ತುರುಕಿದ ಬಿಸ್ಕತ್ತು. ಮುಚ್ಚಿದ ಕಿಟಕಿ. ಟೈಲರ್‌ನ ಬಾಯಿಯ ಗುಂಡುಸೂಜಿ. ಕತ್ತರಿ ಹೊಸ ಕಂತಿಗೆ ಹಳೆಯ ಟೈಟಲ್ ಅಂಟಿಸಿ ನನ್ನೊಬ್ಬಳಿಗಾಗಿ ದಿನಾ ತಂದು ತೋರಿಸುತ್ತಿದ್ದ. ಮನೆಮಂದಿಯೆಲ್ಲ ಕೂತು ಅದನ್ನು ನೋಡುತ್ತಿದ್ದರು. ಮನೆಯಲ್ಲಿ ನಟಿ ನಾನು, ಆದರೆ ಇಷ್ಟು ದಿನ ನಟಿಸಿದವರು ಅವರು, ಅದೂ ನನಗೆ ಒಂದು ಚೂರೂ ಅನುಮಾನ ಬಾರದ ಹಾಗೆ. ಹೊರಗೆ ನನ್ನ ಮುಖ ಅಳಿಸಿಹೋದದ್ದನ್ನು ಇಡೀ ಬೀದಿಯಲ್ಲಿ ಹೆಚ್ಚಿನವರು ಗಮನಿಸಿಯೇ ಇರಲಿಲ್ಲ, ಏಕೆಂದರೆ ಇದ್ದಾಗಲೂ ಅವರು ನೋಡಿರಲಿಲ್ಲ. ಒಲೆ ಸಣ್ಣ ಮಾಡುತ್ತಿದ್ದರು. ಟೈಟಲ್ ಅಜ್ಜಿ ಅಂತ ಕರೆದ ಮಕ್ಕಳು ಕೂಡ ನನ್ನ ಬಾಯಿಂದ ಕೇಳಿಯೇ ಹಾಗೆ ಕರೆದಿರಬೇಕು.

ಇದೆಲ್ಲ ಸಹಿಸಬಹುದಿತ್ತು. ಆದರೆ ಬೀದಿದೀಪದ ಕೆಳಗೆ ಬಂದಾಗ ಮಫ್ಲರ್‌ಗೆ ನಾನು ಅಂದ ಮಾತು ನೆನಪಾಯಿತು. ಕೆಲಸ ಇಲ್ಲದೆ ಕೂತಿರೋರು ಪಾಪ. ಅಲ್ಲೇ ಮುಚ್ಚಿದ ಅಂಗಡಿಯ ಷಟರ್ ಹಿಡಿದು ನಿಂತೆ. ಕೆಲಸವಿಲ್ಲದೆ ಕೂತಿದ್ದ ಆ ಪಾಪದವಳು ನಾನೇ. ಎದುರಿಗೇ ಕೂತಿದ್ದ ಕತ್ತರಿ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದ. ಅವನ ಸುಳ್ಳನ್ನು ನಂಬಿ ನಾನು ಬಂದ ಅನ್ನಕ್ಕೆ ಕಾಲಲ್ಲಿ ಒದ್ದೆ, ಅವನು ಬಾಯಿ ಬಿಡಲಿಲ್ಲ. ಅವನ ಮೇಲೆ ಬಂದ ಸಿಟ್ಟಿನಲ್ಲೇ ಷಟರ್ ಬಿಟ್ಟು ಬಿರಬಿರನೆ ನಡೆದೆ.

ಮನೆಗೆ ಬಂದು, ಹಲ್ಲು ನೋವು, ಮಲಗ್ತೀನಿ ಅಂತ ಕೋಣೆಯ ಬಾಗಿಲು ಹಾಕಿಕೊಂಡೆ. ಕತ್ತರಿ ಬಂದದ್ದು ಕೇಳಿಸಿತು. ಸೊಸೆ ಏನೋ ಪಿಸುಗುಟ್ಟಿದಳು. ಅವರು ಊಟ ಮಾಡಿದರು, ಪಾತ್ರೆ ತೊಳೆದರು, ಮಗುವನ್ನು ಮಲಗಿಸಿದರು. ಕೊಳಲು ಕೇಳಿಸಲಿಲ್ಲ. ಟಿವಿ ಹಾಕಲೇ ಇಲ್ಲ. ನಾನು ಮುಂದೆ ಕೂರದಿದ್ದರೆ ಆ ಹಾಡಿಗೆ ಕೆಲಸವೇ ಇಲ್ಲ ಅಂತ ಆಗ ತಿಳಿಯಿತು. ಜಗತ್ತಿನಲ್ಲಿ ಆ ಟೈಟಲ್‌ಗೆ ಉಳಿದಿದ್ದ ಪ್ರೇಕ್ಷಕಿ ನಾನೊಬ್ಬಳೇ.

ಮರುದಿನ ಎಲ್ಲರೂ ಹೊರಗೆ ಹೋದ ಮೇಲೆ ಮಫ್ಲರ್‌ಗೆ ಫೋನ್ ಮಾಡಿದೆ. ಮೂಗಿನ ಸ್ವರ ಎಲ್ಲೋ ಹೋಗಿತ್ತು.

‘ಆ ವಾರ್ಡನ್ ಪಾತ್ರ ಯಾರಿಗಾದ್ರೂ ಕೊಟ್ಯಾ ಅಪ್ಪ?’

‘ಇಲ್ಲಮ್ಮ, ಕೊಡೋಕೆ ನಿಮ್ಮ ಕತ್ತರಿ ಎಲ್ಲಿ ಬಿಟ್ಟ? ದಿನಾ ಫೋನ್ ಮಾಡಿ, ಇನ್ನೊಂದೆರಡು ದಿನ ತಡೀರಿ, ಒಪ್ಪಿಸ್ತೀನಿ ಅಂತಿದಾನೆ’ ಅಂದ.

‘ಕತ್ತರಿನಾ?’

‘ಗೊತ್ತಿಲ್ವಾ ನಿಮಗೆ? ಹೊಸ ಟೈಟಲ್ ಕಟ್ ಮಾಡಿದ ದಿನವೇ ಬಂದು ನನ್ನ ಮುಂದೆ ಕೂತಿದ್ದ. ಚಿಕ್ಕಮ್ಮನಿಗೆ ಒಂದು ಪಾತ್ರ ಕೊಡಿ, ಅದು ಕೈಗೆ ಸಿಕ್ಕ ಮೇಲೆ ಇದನ್ನ ಹೇಳ್ತೀನಿ, ಬರಿಗೈಯಲ್ಲಿ ಹೋಗಿ ಹೇಗೆ ಹೇಳ್ಲಿ ಅಂದ. ನನ್ನ ಕಥೆ ತಯಾರಾಗೋಕೇ ಮಳೆಗಾಲ ಕಳೀತು. ಆಮೇಲೆ ನಿಮಗೆ ಫೋನ್ ಮಾಡಿದ್ರೆ ನೀವು...’

‘ನಾನು ಹಾಗೆ ಅಂದಾಗ ನಿನಗೆ ಗೊತ್ತಿತ್ತಲ್ಲ, ನಾನು ಟೈಟಲ್‌ನಲ್ಲಿ ಇಲ್ಲ ಅಂತ?’

‘ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತಮ್ಮ’ ಅಂದ, ಬಹಳ ಮೆಲ್ಲಗೆ.

ಸಿಟ್ಟು ಇರುವ ತನಕ ಮನುಷ್ಯ ಹೇಗೋ ನೆಟ್ಟಗೆ ನಿಂತಿರುತ್ತಾನೆ. ಆ ಮಾತು ಕೇಳಿದ ಮೇಲೆ ನನ್ನ ಸಿಟ್ಟೂ ಹೋಯಿತು, ಬರೀ ನಾಚಿಕೆ ಉಳಿಯಿತು. ಹುಡುಗ ಒಂದು ಸುಳ್ಳಿನಿಂದ ನನ್ನನ್ನು ಕಾಪಾಡುತ್ತ, ಇನ್ನೊಂದು ಕಡೆ ನಿಜವಾದ ಬಾಗಿಲು ತೆಗೆಸುತ್ತಿದ್ದ. ಆ ಸುಳ್ಳನ್ನು ಹೆಗಲಿಗೆ ಹಾಕಿಕೊಂಡು ಹೋಗಿ ನಾನು ಆ ಬಾಗಿಲನ್ನು ಮುಚ್ಚಿ ಬಂದೆ. ಅವನು ಆವತ್ತು ಬಾಯಿ ಬಿಟ್ಟಿದ್ದರೆ ಹೆಂಡತಿ, ಮಗಳ ಎದುರಿಗೆ, ಊಟದ ತಟ್ಟೆಯ ಮುಂದೆ ನನ್ನ ಮರ್ಯಾದೆ ಹೋಗುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು ಅನ್ನುವವಳ ಜುಟ್ಟಿನ ಮಲ್ಲಿಗೆಗೆ ಅವನು ದಿನಾ ನೀರು ಚಿಮುಕಿಸಿದ.

‘ಒಂದು ವಿಷಯ ಅಮ್ಮ’ ಅಂದ ಮಫ್ಲರ್. ‘ನಮ್ಮ ಟೈಟಲ್ ಶೂಟಿಂಗ್ ಮುಗಿದುಹೋಯ್ತು. ಚಾನೆಲ್‌ನವರು ಕಾಯ್ಲಿಲ್ಲ. ಸೋಮವಾರದಿಂದ ಶೂಟಿಂಗ್, ಪಾತ್ರ ದಿನಾ ಇರುತ್ತೆ, ಟೈಟಲ್‌ನಲ್ಲಿ ಮಾತ್ರ ನೀವು ಇರಲ್ಲ.’

‘ಬೇಡಪ್ಪ. ಸೋಮವಾರ ಎಷ್ಟು ಹೊತ್ತಿಗೆ ಬರ್ಲಿ?’

ಆ ಸಂಜೆ ಏಳೂವರೆಗೆ ಕಿಟಕಿಯನ್ನು ನಾನೇ ತೆರೆದೆ. ಪಕ್ಕದ ಮನೆಯಿಂದ ತಗಡು ಬಂತು. ನಿಂತು ಕೇಳಿದೆ. ಕೇಳುತ್ತ ಕೇಳುತ್ತ ನನ್ನ ಬೆರಳು ಕಿಟಕಿಯ ಸರಳಿನ ಮೇಲೆ ತಾಳ ಹಾಕುತ್ತಿತ್ತು. ನಾಯಿಮರಿ ತಿರುಗುವ ಪೆಟ್ಟು ಬಂದಾಗ ಬೆರಳು ಸರಿಯಾಗಿ ಬಿತ್ತು. ಹಿಂದೆ ಏನೋ ಸದ್ದಾಯಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನನ್ನ ಬೆರಳನ್ನೇ ನೋಡುತ್ತಿದ್ದಳು.

‘ಅತ್ತೆ’ ಅಂದಳು.

‘ಒಲೆ ಸಣ್ಣ ಮಾಡಿದ್ಯಾ?’ ಅಂದೆ.

ಅವಳು ಬಂದು ನನ್ನ ಪಕ್ಕ ನಿಂತಳು. ‘ಬೈಬೇಡಿ ಅತ್ತೆ ಅವರಿಗೆ. ಇವತ್ತು ಹೇಳೇ ಹೇಳ್ತೀನಿ ಅಂತ ದಿನಾ ಬಾಗಿಲ ತನಕ ಬರ್ತಾರೆ. ನೀವು ಆಗಲೇ ಟಿವಿ ಮುಂದೆ ಕೂತಿರ್ತೀರಿ, ತಲೆ ಬಾಚ್ಕೊಂಡು.’

ಹೌದು, ತಲೆ ಬಾಚಿಕೊಂಡೇ ಕೂರುತ್ತಿದ್ದೆ. ಟಿವಿಯಲ್ಲಿ ನನ್ನನ್ನು ನಾನು ನೋಡುವಾಗ ಚೆನ್ನಾಗಿ ಕಾಣಬೇಕಲ್ಲ. ಈ ಮಾತಿಗೆ ನಾನು ನಗಬೇಕಿತ್ತು, ಆಗಲಿಲ್ಲ.

ಕತ್ತರಿ ಬಂದ. ಕೈಕಾಲು ತೊಳೆದ. ಹಲ್ಲು ಹೇಗಿದೆ ಚಿಕ್ಕಮ್ಮ ಅಂದ, ಪೆನ್‌ಡ್ರೈವ್ ಚುಚ್ಚಿದ. ಮಗು ನನ್ನ ತೊಡೆಯ ಮೇಲೆ ಹತ್ತಿತು. ಕೊಳಲು. ನಾಯಕಿ. ಬಾಗಿಲು. ನಾನು ಈ ಸಲ ಪರದೆಯನ್ನು ನೋಡದೆ ಅವನನ್ನು ನೋಡಿದೆ. ಅವನ ಬೆನ್ನು ಟಿವಿಗೆ ಇತ್ತು. ಅವನು ನೋಡುತ್ತಿದ್ದುದು ನನ್ನ ಮುಖವನ್ನು. ಪ್ರತಿ ಸಂಜೆಯೂ ಹೀಗೇ ಗೋಡೆಗೊರಗಿ ನಿಂತಿರುತ್ತಿದ್ದ, ದಣಿದಿದ್ದಾನೆ ಅಂದುಕೊಳ್ಳುತ್ತಿದ್ದೆ. ದೀಪ ಅನ್ನುವುದು ಕೇಳಿಸಿತು, ಮಗು ಚಪ್ಪಾಳೆ ತಟ್ಟಿತು. ನನ್ನ ಕಣ್ಣು ಅವನ ಮೇಲೇ ಇದ್ದದ್ದು ಕಂಡು ಅವನ ಮುಖ ಬಿಳಿಚಿಕೊಂಡಿತು.

‘ಇದು ಹಳೇದಾಯ್ತು ಕಣೋ. ಮಗುವಿಗೆ ನಾಯಿಮರಿ ಇಷ್ಟ. ಅದನ್ನ ಹಾಕು’ ಅಂದೆ.

ಅವನು ರಿಮೋಟ್ ಒತ್ತಿದ, ಪರದೆಯ ಮೇಲೆ ಎಲ್ಲ ನಿಂತಿತು. ನೆಲ ನೋಡುತ್ತ ನಿಂತ. ಅವನ ಅಪ್ಪನ ಹಾಗೆ ಅವನಿಗೂ ಅಳುವಾಗ ಕಿವಿ ಕೆಂಪಾಗುತ್ತದೆ.

‘ಚಿಕ್ಕಮ್ಮ, ನಾನು...’

‘ಮಫ್ಲರ್ ಜೊತೆ ಮಾತಾಡಿದೀನಿ. ಸೋಮವಾರದಿಂದ ಶೂಟಿಂಗ್. ಟೈಟಲ್‌ನಲ್ಲಿ ನನ್ನ ಮುಖ ಇರಲ್ಲವಂತೆ. ಒಳ್ಳೇದೇ ಆಯ್ತು. ಹಾಡು ಬರುವಾಗ ನಾನೂ ಎಲ್ಲರ ಹಾಗೆ ಹೋಗಿ ಒಲೆ ನೋಡ್ಕೊಂಡು ಬರ್ತೀನಿ.’

ಇದನ್ನು ತಮಾಷೆಯಾಗಿ ಹೇಳಬೇಕೆಂದು ಮಧ್ಯಾಹ್ನದಿಂದ ಅಭ್ಯಾಸ ಮಾಡಿದ್ದೆ. ಕೊನೆಯ ಮಾತಿಗೆ ಸ್ವರ ಕೈಕೊಟ್ಟಿತು. ಅವನು ಬಂದು ನನ್ನ ಕಾಲ ಬಳಿ ನೆಲದ ಮೇಲೆ ಕೂತ, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ.

‘ನಿನ್ನನ್ನ ತೆಗೆಯೋಕೆ ಹೇಳಿದಾಗ ಪೂರ್ತಿ ತೆಗೆಯೋಕೆ ಆಗ್ಲಿಲ್ಲ ಚಿಕ್ಕಮ್ಮ’ ಅಂದ. ‘ನಾಯಿಯನ್ನ ಬೇರೆ ಶೂಟ್ ಮಾಡಿದ್ದು. ಹಿಂದೆ ಕುರ್ಚಿ ತೂಗುತ್ತಲ್ಲ, ಅದು ನಿನ್ನ ಶಾಟು. ಆವತ್ತು ನೀನು ನಕ್ಕು ಮುಗಿಸಿ 'ಆಯ್ತಾ?' ಅಂತ ಎದ್ದು ಹೋದೆ ನೋಡು, ಆಮೇಲೂ ಕ್ಯಾಮೆರಾ ಓಡ್ತಿತ್ತು. ಆ ಚೂರನ್ನ ನಾಯಿಯ ಹಿಂದೆ ಇಟ್ಟೆ. ಯಾರಿಗೂ ಗೊತ್ತಿಲ್ಲ.’

ಅವನ ತಲೆಯ ಮೇಲೆ ಕೈಯಿಟ್ಟೆ. ‘ಕಣ್ಣು ಕಂಡಾಗಲೇ ತಾಳ ಹೊಡೆದಿದೀಯ’ ಅಂದೆ. ಆಗ ಅವನು ನಿಜವಾಗಿ ಅತ್ತ. ಸೊಸೆ ಮಗುವನ್ನು ಎತ್ತಿಕೊಂಡು, ಅಪ್ಪನಿಗೆ ಶೀತ ಅಂದಳು.

ಆಮೇಲೆ ಅವನು ಎದ್ದು ಹೊಸ ಟೈಟಲ್ ಹುಡುಕಿ ಹಾಕಿದ. ಡ್ರಮ್ಮು, ಶಿಳ್ಳೆ, ಹೇ ಹೇ. ಮಗು ನಾಯಿಮರಿಗೆ ಕಾದು ಕೂತಿತ್ತು. ಅಂಗಳ ಬಂತು, ನಾಯಿಮರಿ ತಿರುಗಿತು, ಮಗು ನನಗೆ ತಟ್ಟಿದ್ದಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟಿತು. ನನ್ನ ಕಣ್ಣು ನಾಯಿಯ ಮೇಲಿರಲಿಲ್ಲ. ಎಷ್ಟು ನಾಚಿಕೆಗೆಟ್ಟವಳು ನಾನು ನೋಡಿ. ಕ್ಲಿನಿಕ್ಕಿನಲ್ಲಿ ಅಷ್ಟಾಗಿ, ಫೋನಿನಲ್ಲಿ ಅಷ್ಟಾಗಿ, ಆ ಹುಡುಗನನ್ನು ಅಷ್ಟು ದಿನ ಅಪರಾಧಿಯ ಹಾಗೆ ಗೋಡೆಗೆ ನಿಲ್ಲಿಸಿದ ಮೇಲೂ ಖಾಲಿ ಕುರ್ಚಿಯಲ್ಲಿ ನನ್ನನ್ನೇ ಹುಡುಕಿದೆ. ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಅದು ಮುಂದಕ್ಕೆ ಹಿಂದಕ್ಕೆ ತೂಗುತ್ತಿತ್ತು.

ಹಾಡು ಮುಗಿಯಿತು. ಮಗು ಆಗಲೇ ಇಳಿದು ಆಟಕ್ಕೆ ಓಡಿತ್ತು. ಇನ್ನೊಂದು ಸಲ ಹಾಕು ಅಂತ ಕೇಳಿದವಳು ನಾನೇ.